ಹನ್ನೆರಡು ಸಾವಿರದ ಸಹಿ, ಒಂಬತ್ತು ಸಾವಿರದ ಕವರು

ದೇಶ ಬಿಟ್ಟು ಬಂದ ವಿದ್ಯಾರ್ಥಿಗಳಿಗೆ ನಮ್ಮ ಟ್ರಸ್ಟು ಕೊಡುತ್ತಿದ್ದ ಹಣದ ಲೆಕ್ಕ ಎಲ್ಲಿ ತಪ್ಪಿತು ಎಂಬುದರ ಕಥೆ ಇದು. ಇದರಲ್ಲಿ ಯಾರ ಹೆಸರೂ ಸಿಗುವುದಿಲ್ಲ. ಟ್ರಸ್ಟು, ಹಣ ಕೊಟ್ಟ ಪ್ರತಿಷ್ಠಾನ, ಹುಡುಗರ ದೇಶ, ಕಾಲೇಜು ಎಲ್ಲವನ್ನೂ ಬಿಟ್ಟಿದ್ದೇನೆ. ಬಡಾವಣೆ, ತಿಂಗಳುಗಳನ್ನು ಅಲ್ಲಲ್ಲಿ ಬದಲಿಸಿದ್ದೇನೆ. ಇಷ್ಟೆಲ್ಲ ಮುಚ್ಚಿಡಬೇಕೇ ಎನ್ನುವವರಿಗೆ ಉತ್ತರ ಮುಂದೆ ಸಿಗುತ್ತದೆ. ಒಮ್ಮೆ ಅರ್ಧ ಮುಚ್ಚಿ ಅರ್ಧ ತೆರೆದಿಟ್ಟು, ಎಲ್ಲೋ ದೂರದ ಎರಡು ಮನೆಗಳಿಗೆ ನಾವೇ ಪೊಲೀಸರನ್ನು ಕಳಿಸಿದ ಹಾಗಾಗಿದೆ.

ಹಿನ್ನೆಲೆ

ನಾನು ಬ್ಯಾಂಕಿನಲ್ಲಿ ಮೂವತ್ತೊಂದು ವರ್ಷ ಕೆಲಸ ಮಾಡಿ ನಿವೃತ್ತಳಾದವಳು. ಬಸವನಗುಡಿ ಕಡೆ ನಮ್ಮದೊಂದು ಚಿಕ್ಕ ಟ್ರಸ್ಟು ಇದೆ, ನಾನು ಅದರ ಸಂಬಳವಿಲ್ಲದ ಖಜಾಂಚಿ. ಬಡ ಮಕ್ಕಳ ಕಾಲೇಜು ಫೀಸು ಕಟ್ಟುವುದು ಮೊದಲಿನಿಂದ ಬಂದ ಕೆಲಸ. 2017ರ ಸುಮಾರಿಗೆ ದೆಹಲಿಯ ದೊಡ್ಡ ಸಂಸ್ಥೆಯೊಂದು ನಮ್ಮನ್ನು ಹುಡುಕಿಕೊಂಡು ಬಂತು. ಚುನಾಯಿತ ಸರ್ಕಾರವನ್ನು ಕಿತ್ತೊಗೆದ ದೇಶವೊಂದರಿಂದ ತಪ್ಪಿಸಿಕೊಂಡು ಬಂದ ಹುಡುಗ ಹುಡುಗಿಯರು ಬೆಂಗಳೂರಿನಲ್ಲಿ ಓದುತ್ತಿದ್ದಾರೆ, ಯುರೋಪಿನ ಪ್ರತಿಷ್ಠಾನವೊಂದು ಹಣ ಕೊಡುತ್ತದೆ, ಊರಲ್ಲಿದ್ದು ನೋಡಿಕೊಳ್ಳುವವರು ಬೇಕು ಎಂದರು. ನರ್ಸಿಂಗ್, ಕಾನೂನು, ಬಿ.ಕಾಂ. ಮುಂದೊಂದು ದಿನ ಊರಿಗೆ ಮರಳುವ ಹಾಗಾದರೆ ಆಡಳಿತ ಅಂದರೇನು ಅಂತ ಗೊತ್ತಿರುವ ನಾಲ್ಕು ಜನ ಇರಲಿ ಎಂಬುದು ಯೋಜನೆಯ ಒಳ ಆಸೆ. ಅದಕ್ಕೇ ಓದಿನ ಜತೆ ಸ್ಥಳೀಯ ಆಡಳಿತದ ತರಬೇತಿಯನ್ನೂ ಸೇರಿಸಿದ್ದರು.

ಹಣ ದೆಹಲಿಗೆ ಬಂದು ಅಲ್ಲಿಂದ ನಮಗೆ ಬರುತ್ತಿತ್ತು. ಅಲ್ಲಿನ ಅಕೌಂಟೆಂಟ್ ಒಬ್ಬರು ತಿಂಗಳು ತಿಂಗಳು ಫೋನ್ ಮಾಡಿ, ಹದಿನೇಳನೇ ವೋಚರಿನಲ್ಲಿ ದಿನಾಂಕ ಇಲ್ಲ, ಇಪ್ಪತ್ತೆರಡನೆಯದರಲ್ಲಿ ಸಹಿ ಬೇರೆ ಥರ ಇದೆ ಅಂತ ಜೀವ ತಿನ್ನುತ್ತಿದ್ದರು. ಅವರ ಫೋನ್ ಬಂದರೆ ನಮಗೆ ತಲೆನೋವು. ಆ ತಲೆನೋವಿನ ಬೆಲೆ ಗೊತ್ತಾದದ್ದು ಅದು ಹೋದ ಮೇಲೆ.

2020ರ ಸೆಪ್ಟೆಂಬರ್‌ನಲ್ಲಿ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಗೆ, ಅಂದರೆ ಎಲ್ಲರೂ ಎಫ್‌ಸಿಆರ್‌ಎ ಅನ್ನುವ 2010ರ ಕಾಯ್ದೆಗೆ, ತಿದ್ದುಪಡಿ ಬಂತು. ಅದರ ಮೂರು ಅಂಶಗಳು ನಮ್ಮ ಕಥೆಗೆ ಬೇಕು. ಒಂದು ಸಂಸ್ಥೆ ತಾನು ಪಡೆದ ವಿದೇಶಿ ಹಣವನ್ನು ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ. ಹಣ ಮೊದಲು ಬಂದು ಬೀಳಬೇಕಾದದ್ದು ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯಲ್ಲಿ ಮಾತ್ರ. ಆಡಳಿತ ವೆಚ್ಚಕ್ಕೆ ಮೊದಲು ಶೇ 50ರ ತನಕ ಇದ್ದ ಅವಕಾಶ ಶೇ 20ಕ್ಕೆ ಇಳಿಯಿತು. ದೆಹಲಿ ಸಂಸ್ಥೆ ಕೈ ಬಿಟ್ಟಿತು. ನಮಗೆ ಸ್ವಂತ ಎಫ್‌ಸಿಆರ್‌ಎ ನೋಂದಣಿ ಇದ್ದುದರಿಂದ ಪ್ರತಿಷ್ಠಾನ ನೇರವಾಗಿ ನಮಗೇ ಕಳಿಸತೊಡಗಿತು.

ಲೆಕ್ಕ ಬಿಗಿ ಮಾಡಲು ಬಂದ ಕಾನೂನು ಲೆಕ್ಕ ನೋಡುವವರ ಸಂಬಳಕ್ಕೇ ಕತ್ತರಿ ಹಾಕಿತು. ಲೆಕ್ಕ ಬರೆಯುವ ಖರ್ಚು, ವರದಿ ಬರೆಯುವ ಖರ್ಚು, ಆಡಿಟರ ಫೀಸು ಎಲ್ಲವೂ ಆಡಳಿತ ವೆಚ್ಚದಲ್ಲೇ ಬರುತ್ತವೆ. ನಮ್ಮಂಥ ಪುಟ್ಟ ಟ್ರಸ್ಟಿಗೆ ಆ ಶೇ 20ರಲ್ಲಿ ಬಾಡಿಗೆ, ಆಡಿಟರು, ಒಬ್ಬ ಕಚೇರಿ ಹುಡುಗ ಸೇರಿದರೆ ಅಲ್ಲಿಗೆ ಮುಗಿಯಿತು. ವೋಚರಿನ ಸಹಿ ಬೇರೆ ಥರ ಇದೆ ಅಂತ ಫೋನ್ ಮಾಡುವವರು ಯಾರೂ ಉಳಿಯಲಿಲ್ಲ.

ತೂತು ಬಿದ್ದದ್ದು ಎಲ್ಲಿ

ಹದಿನಾಲ್ಕು ವಿದ್ಯಾರ್ಥಿಗಳು. ಲಿಂಗರಾಜಪುರದ ಕಡೆ ಎರಡಂತಸ್ತಿನ ಒಂದು ಮನೆ. ಕೆಳಗೆ ಮಾಲೀಕರಾದ ಕೋಲಾರದ ಕಡೆಯ ಅಜ್ಜಿ, ಮೇಲೆ ಇವರು. ಮೊದಲೆಲ್ಲ ವಿದ್ಯಾರ್ಥಿವೇತನ ನೇರ ಅವರವರ ಬ್ಯಾಂಕ್ ಖಾತೆಗೆ ಹೋಗುತ್ತಿತ್ತು. ವಿದೇಶಿ ವಿದ್ಯಾರ್ಥಿಗಳು ಪಾಸ್‌ಪೋರ್ಟ್, ವೀಸಾ ತೋರಿಸಿ ಎನ್‌ಆರ್‌ಓ ಖಾತೆ, ಅಂದರೆ ಅನಿವಾಸಿಗಳ ರೂಪಾಯಿ ಖಾತೆ, ತೆರೆಯಬಹುದು. ಅಷ್ಟರ ಮಟ್ಟಿಗೆ ನಾನು ನಿಶ್ಚಿಂತೆ.

2021ರಲ್ಲಿ ಒಬ್ಬೊಬ್ಬರದೇ ಪಾಸ್‌ಪೋರ್ಟ್ ಅವಧಿ ಮುಗಿಯುತ್ತ ಬಂತು. ಯಾವ ಸರ್ಕಾರದ ವಿರುದ್ಧ ಬೀದಿಗಿಳಿದಿದ್ದರೋ ಅದೇ ಸರ್ಕಾರದ ರಾಯಭಾರ ಕಚೇರಿಗೆ ಹೋಗಿ ನವೀಕರಿಸಿಕೊಡಿ ಅಂತ ಕೇಳಬೇಕು. ಹೋದವರಿಗೆ ಅಲ್ಲಿ ಕೊಟ್ಟ ಅರ್ಜಿಯಲ್ಲಿ ಊರಿನಲ್ಲಿರುವ ಅಪ್ಪ, ಅಮ್ಮ, ಅಣ್ಣ ತಮ್ಮಂದಿರ ವಿಳಾಸ ಬರೆಯುವ ಜಾಗ ಇತ್ತು. ಇಬ್ಬರು ಅರ್ಜಿ ಹಿಡಿದುಕೊಂಡೇ ವಾಪಸು ಬಂದರು. ಭಾರತ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ, ನಿರಾಶ್ರಿತರಿಗೆಂದೇ ಒಂದು ಕಾನೂನೂ ನಮ್ಮಲ್ಲಿಲ್ಲ. ಪಾಸ್‌ಪೋರ್ಟ್ ಇಲ್ಲ ಅಂದರೆ ವೀಸಾ ವಿಸ್ತರಣೆ ತೂಗುಯ್ಯಾಲೆ, ಬ್ಯಾಂಕಿನಲ್ಲಿ ಕೆವೈಸಿ ಇಲ್ಲ, ಖಾತೆಗೆ ತಡೆ. ಆ ವರ್ಷದ ಸೆಪ್ಟೆಂಬರ್ ಹೊತ್ತಿಗೆ ಒಂಬತ್ತು ಜನರ ಖಾತೆ ನಿಂತಿತ್ತು.

ಅವರಿಗೆ ನಗದು ಕೊಡೋಣ ಎಂದು ನಿರ್ಧರಿಸಿದ್ದು ನಾನೇ. ಮೂವತ್ತೊಂದು ವರ್ಷ ಕ್ಯಾಶ್ ಕೌಂಟರಿನ ಎರಡೂ ಕಡೆ ನೋಡಿದವಳು ಹೀಗೆ ಮಾಡಿದಳೇ ಎಂದು ನೀವು ಅಂದುಕೊಳ್ಳಬಹುದು. ಹುಡುಗರು ಊಟ ಮಾಡಬೇಕಲ್ಲ. ದೆಹಲಿ ಶಾಖೆಯಿಂದ ಹಣ ವರ್ಗವಾಗಿ ಬರುವ ನಮ್ಮ ಇಲ್ಲಿನ ಬಳಕೆ ಖಾತೆಯಿಂದ ದುಡ್ಡು ತೆಗೆದು, ತಲೆಗೆ ಹನ್ನೆರಡು ಸಾವಿರದಂತೆ ಒಂಬತ್ತು ಕವರು ಮಾಡಿ ಸಂಚಾಲಕನ ಕೈಗೆ ಕೊಡುತ್ತಿದ್ದೆ. ವಾರದೊಳಗೆ ಒಂಬತ್ತು ರಸೀದಿ ಬರುತ್ತಿದ್ದವು. ಒಂದು ರೂಪಾಯಿಯ ರೆವಿನ್ಯೂ ಸ್ಟಾಂಪು, ಅದರ ಮೇಲೆ ಅಡ್ಡವಾಗಿ ಸಹಿ, ಹೆಸರಿನ ಬದಲು ಒಂದು ಸಂಖ್ಯೆ. ನೋಡಲು ಬಲು ಚೆಂದ.

ಈ ಸಂಚಾಲಕನೂ ಅದೇ ದೇಶದವನು, ಮೂವತ್ತರ ಆಸುಪಾಸು. ಊರಲ್ಲಿ ವಿದ್ಯಾರ್ಥಿ ನಾಯಕ, ಒಂದೂವರೆ ವರ್ಷ ಜೈಲು ಕಂಡವನು. ಬೆಂಗಳೂರಿನಲ್ಲಿರುವ ಅವರ ದೇಶದವರ ಸಮಿತಿಗೆ ಅವನೇ ಮುಂದಾಳು. ಯಾರಾದರೂ ಮೂರನೇ ದೇಶಕ್ಕೆ ಆಶ್ರಯ ಕೇಳಿ ಅರ್ಜಿ ಹಾಕುವುದಾದರೆ, ಈತ ನಿಜವಾಗಿ ಚಳವಳಿಯಲ್ಲಿದ್ದವನು ಎಂದು ಪತ್ರ ಬರೆದುಕೊಡುತ್ತಿದ್ದವನೂ ಅವನೇ. ಕವರು ಹಂಚುವ ಕೈಯೇ ಪತ್ರ ಬರೆಯುವ ಕೈಯೂ ಆಗಿದ್ದರೆ ಏನಾಗುತ್ತದೆ ಎಂದು ಆಗ ಯೋಚಿಸಲಿಲ್ಲ.

ಪ್ರತಿಷ್ಠಾನದವರಿಗೆ ಮೂರು ತಿಂಗಳಿಗೊಮ್ಮೆ ಎಕ್ಸೆಲ್ ಹಾಳೆ ತುಂಬಿ ಕಳಿಸಬೇಕಿತ್ತು. ಅದರಲ್ಲಿ ಮೂವತ್ತು ಚಿಲ್ಲರೆ ಕಾಲಂ. ಹುಡುಗಿಯರೆಷ್ಟು, ತರಬೇತಿ ಎಷ್ಟು ಗಂಟೆ, ಡಾಲರ್ ದರ ಎಷ್ಟು, ನಾಯಕತ್ವದ ಗುಣ ಎಷ್ಟು ಅಂಕ. ಕೈಗೆ ಎಷ್ಟು ತಲುಪಿತು ಎಂದು ವಿದ್ಯಾರ್ಥಿಯನ್ನೇ ಕೇಳುವ ಒಂದು ಕಾಲಂ ಇರಲಿಲ್ಲ. ನಾವೂ ಕೇಳಲಿಲ್ಲ. ಹಣ ಕೊಟ್ಟವರ ಕಡೆಗೆ ನಮ್ಮ ಲೆಕ್ಕ ಕನ್ನಡಿಯ ಹಾಗಿತ್ತು. ಯಾರ ಹೆಸರಲ್ಲಿ ಹಣ ಬಂತೋ ಅವರ ಕಡೆಗೆ ಕನ್ನಡಿಯ ಬೆನ್ನು.

ಚರಂಡಿ ಅಳೆದ ದಿನ

ಕರ್ನಾಟಕದ ಗ್ರಾಮ ಪಂಚಾಯಿತಿಗಳಲ್ಲಿ ಪ್ರತಿ ವರ್ಷ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರ ನಡುವೆ ಜಮಾಬಂದಿ ನಡೆಯುತ್ತದೆ. ಹಿಂದಿನ ವರ್ಷದ ಲೆಕ್ಕವನ್ನು ಜನರೆದುರು ಓದಿ, ಬೇಕೆಂದರೆ ಹೋಗಿ ಕೆಲಸ ನೋಡಿ ಬರುವ ಸಭೆ. ಎಷ್ಟೋ ಕಡೆ ಅದು ಕಾಗದದ ಮೇಲೆ ಆಗಿಹೋಗುತ್ತದೆ, ಆ ಮಾತು ಬೇರೆ. 2022ರ ಆಗಸ್ಟ್‌ನಲ್ಲಿ ತರಬೇತಿಯ ಭಾಗವಾಗಿ ನಗರದ ಹೊರಗಿನ ಒಂದು ಪಂಚಾಯಿತಿಗೆ ಹುಡುಗರನ್ನು ಕರೆದುಕೊಂಡು ಹೋಗಿದ್ದೆವು.

ಶಾಮಿಯಾನ, ಬಿಸ್ಕತ್ತು, ಮೈಕು. ಪಿಡಿಓ ಒಂದೊಂದೇ ಬಾಬತ್ತು ಓದುತ್ತಿದ್ದರು. ಚರಂಡಿ ಕಾಮಗಾರಿ ಎಂಬತ್ತು ಮೀಟರ್ ಎಂದು ಓದಿದಾಗ ಹಿಂದಿನ ಸಾಲಿನಿಂದ ಒಬ್ಬ ಹೆಂಗಸು ಎದ್ದು ನಿಂತಳು. ಸೊಂಟದಲ್ಲಿ ಮಗು.

"ಎಂಬತ್ತ? ನಮ್ ಬೀದೀಲಿ ಐವತ್ತೂ ಇಲ್ಲ ಸಾರ್. ಟೇಪ್ ತರ್ಸಿ."

ನಗು, ಗಲಾಟೆ, ಆಮೇಲೆ ಕೇಳೋಣ ಕೂತ್ಕೊಳ್ಳಮ್ಮ. ಅವಳು ಕೂರಲಿಲ್ಲ. ಕೊನೆಗೆ ಟೇಪು ಬಂತು, ಅರ್ಧ ಸಭೆಯೇ ಎದ್ದು ಆ ಬೀದಿಗೆ ಹೋಯಿತು. ಒಂದು ತುದಿ ವಾಟರ್‌ಮ್ಯಾನ್ ಕೈಲಿ, ಇನ್ನೊಂದು ತುದಿ ಅವಳ ಕೈಲಿ. ಎಷ್ಟು ಬಂತು ಅನ್ನುವುದು ಇಲ್ಲಿ ಮುಖ್ಯವಲ್ಲ. ನಮ್ಮ ನರ್ಸಿಂಗ್ ಹುಡುಗಿಯೊಬ್ಬಳು ಟೇಪಿನ ಜತೆಗೇ ನಡೆದು ಹೋದಳು. ಅವಳೇನಂದಳು, ಅವರೇನಂದರು ಅಂತ ನನ್ನ ತೋಳು ಹಿಡಿದು ಕೇಳುತ್ತಲೇ ಇದ್ದಳು.

ನಾಲ್ಕು ದಿನ ಬಿಟ್ಟು ಆ ಹುಡುಗಿ ನಮ್ಮ ಮನೆಗೆ ಬಂದಳು. ಗೌರಿ ಹಬ್ಬದ ಮುಂಚಿನ ದಿನಗಳು, ನಾನು ಹಿತ್ತಾಳೆ ಸಾಮಾನು ತೊಳೆಯುತ್ತಿದ್ದೆ. ಬ್ಯಾಗಿನಿಂದ ಕವರು ತೆಗೆದು ಟೇಬಲ್ ಮೇಲಿಟ್ಟಳು. ಆ ತಿಂಗಳದ್ದು, ಇನ್ನೂ ಖರ್ಚಾಗಿರಲಿಲ್ಲ. ಎಣಿಸಿ ಆಂಟಿ, ಅಂದಳು. ಐನೂರರ ಹದಿನೆಂಟು ನೋಟು. ಒಂಬತ್ತು ಸಾವಿರ.

"ಸಹಿ ಹಾಕಿದ್ದು ಎಷ್ಟಕ್ಕೆ?"

"ಹನ್ನೆರಡಕ್ಕೆ. ಒಂದು ವರ್ಷದಿಂದ. ಎಲ್ಲರದೂ ಹೀಗೇ."

ಕಾಫಿಯ ಮುಂದೆ

ಸಂಚಾಲಕನನ್ನು ಕಚೇರಿಗೆ ಕರೆಯದೆ ಗಾಂಧಿ ಬಜಾರಿನ ಒಂದು ದರ್ಶಿನಿಗೆ ಕರೆದೆ. ಕಚೇರಿಯಲ್ಲಾದರೆ ವಿಚಾರಣೆ ಆಗುತ್ತದೆ ಎನಿಸಿತ್ತು. ಅವನು ಒಂದು ಕ್ಷಣವೂ ಇಲ್ಲ ಎನ್ನಲಿಲ್ಲ. ಆ ಮೂರು ಸಾವಿರ ಊರಿಗೆ ಹೋಗುತ್ತದೆ, ಜೈಲಿನಲ್ಲಿರುವವರ ಮನೆಗಳಿಗೆ. ಗಡಿ ದಾಟಿಸುವವರ ಕೈಯಲ್ಲಿ. ರಸೀದಿ ಇಲ್ಲ, ಇರಲೂ ಕೂಡದು. ರಸೀದಿ ಸಿಕ್ಕಿಬಿದ್ದರೆ ಕೊಟ್ಟವರೂ ಒಳಗೆ, ಇಸ್ಕೊಂಡವರೂ ಒಳಗೆ.

"ಎಲ್ಲರಿಗೂ ಗೊತ್ತು ಮೇಡಂ. ಎಲ್ಲರೂ ಒಪ್ಪಿದ್ದಾರೆ."

"ಒಪ್ಪೋದಿಲ್ಲ ಅನ್ನೋ ಹಾಗಿತ್ತಾ?"

ಅದಕ್ಕೆ ಉತ್ತರ ಬರಲಿಲ್ಲ. ಕಾಫಿ ಕೆನೆಗಟ್ಟಿತು.

ನಾನು ಅವನನ್ನು ಅಂದು ನಂಬಿದೆ, ಈಗಲೂ ಬಹುಮಟ್ಟಿಗೆ ನಂಬುತ್ತೇನೆ. ಅವನ ಕಾಲಿನ ಚಪ್ಪಲಿ ಎರಡು ಕಡೆ ಹೊಲಿಗೆ ಹಾಕಿಸಿದ್ದು. ಆದರೆ ಖಜಾಂಚಿಯ ನಂಬಿಕೆ ವೋಚರ್ ಅಲ್ಲ. ಜೇನು ಕಿತ್ತವನು ಕೈ ನೆಕ್ಕದೆ ಇರುತ್ತಾನೆಯೇ ಎಂದು ಲೋಕ ಕೇಳಿದರೆ, ಇಲ್ಲ ಇವನು ನೆಕ್ಕಲಿಲ್ಲ ಎಂದು ತೋರಿಸಲು ನನ್ನ ಹತ್ತಿರ ಏನೂ ಇರಲಿಲ್ಲ. ಅವನ ಹತ್ತಿರವೂ ಇರಲಿಲ್ಲ. ಒಂಬತ್ತು ಜನ, ತಿಂಗಳಿಗೆ ಮೂರು ಸಾವಿರ, ಹನ್ನೆರಡು ತಿಂಗಳು: 3,24,000 ರೂಪಾಯಿ.

ಮೂರು ದಾರಿ

ಟ್ರಸ್ಟಿಗಳ ಸಭೆ ಎರಡು ಸಂಜೆ ನಡೆಯಿತು. ನಿವೃತ್ತ ಮೇಷ್ಟ್ರು ಒಬ್ಬರು, ಕೊಟ್ಟವನು ಕೋಡಂಗಿ ಇಸ್ಕೊಂಡವನು ಈರಭದ್ರ, ಇವತ್ತೇ ನಿಲ್ಲಿಸಿಬಿಡಿ ಎಂದರು. ಇನ್ನೊಬ್ಬರು, ಸಂಚಾಲಕನನ್ನು ಸದ್ದಿಲ್ಲದೆ ಬದಲಿಸಿ ಮುಂದೆ ಹೋಗೋಣ, ಈ ವಿಷಯ ಹೊರಗೆ ಹೋದರೆ ಲಾಭ ಆಗುವುದು ಅಲ್ಲಿನ ಸರ್ವಾಧಿಕಾರಿಗಳಿಗೆ ಮಾತ್ರ ಎಂದರು. ಈ ಮಾತಿಗೆ ತೂಕ ಇತ್ತು. ವಕೀಲರಾಗಿದ್ದ ಟ್ರಸ್ಟಿಯದು ಮೂರನೆಯ ದಾರಿ: ನಾವೇ ಹೋಗಿ ಪ್ರತಿಷ್ಠಾನಕ್ಕೆ ಹೇಳಬೇಕು. ಓದಿಗೆ ಎಂದು ಬಂದ ವಿದೇಶಿ ಹಣ ಬೇರೆ ಉದ್ದೇಶಕ್ಕೆ ಗಡಿ ದಾಟಿದೆ. ಕಾಯ್ದೆ ಪ್ರಕಾರ ವಾರ್ಷಿಕ ರಿಟರ್ನ್ ಎಫ್‌ಸಿ-4ಕ್ಕೆ ಡಿಸೆಂಬರ್ 31 ಗಡುವು, ಅದಕ್ಕೆ ಆಡಿಟರ ಸರ್ಟಿಫಿಕೇಟ್ ಬೇಕು. ಗೊತ್ತಿದ್ದೂ ಸುಳ್ಳು ವೋಚರಿನ ಮೇಲೆ ಸಹಿ ಹಾಕುವವರು ಯಾರು?

ಆಡಿಟರು ಆ ಸಂಜೆ ಹೇಳಿದ ಮಾತು ನನ್ನ ಡೈರಿಯಲ್ಲಿದೆ. "ಹೆಸರು ಮುಚ್ಚಿಡಿ ಅಂದ್ರಿ, ಸರಿ ಅಂದೆ. ಹೆಸರಿನ ಜೊತೆಗೆ ಮೊತ್ತನೂ ಮುಚ್ಚಿಹೋಗಿದೆ. ಅದನ್ನ ಯಾವಾಗ ಒಪ್ಪಿಕೊಂಡ್ವಿ?"

ಇಡೀ ಪ್ರಕರಣದ ಗಂಟು ಅದೇ. ನಮ್ಮಲ್ಲಿ ಮಾತ್ರವಲ್ಲ, ಇಂಥ ನೆರವು ಎಡವಿದ ಕಡೆಗಳಲ್ಲೆಲ್ಲ ಈ ಗಂಟು ಕಾಣುತ್ತದೆ. ಸದ್ದಾಂ ಹುಸೇನ್ ವಿರುದ್ಧ ದೇಶದಾಚೆ ಕಟ್ಟಿದ ಇರಾಕಿ ನ್ಯಾಷನಲ್ ಕಾಂಗ್ರೆಸ್ಸಿನ ಪ್ರತಿಷ್ಠಾನಕ್ಕೆ ಅಮೆರಿಕದ ವಿದೇಶಾಂಗ ಇಲಾಖೆ 2000ದ ಮಾರ್ಚ್‌ನಿಂದ 2003ರ ಸೆಪ್ಟೆಂಬರ್ ತನಕ ಹೆಚ್ಚುಕಡಿಮೆ 3.3 ಕೋಟಿ ಡಾಲರ್ ಕೊಟ್ಟಿತು. 2001ರಲ್ಲಿ ಇಲಾಖೆಯದೇ ಇನ್‌ಸ್ಪೆಕ್ಟರ್ ಜನರಲ್ ಲೆಕ್ಕ ತೆಗೆದಾಗ ಪ್ರಶ್ನೆಗೆ ಒಳಗಾದ ಖರ್ಚು 20 ಲಕ್ಷ ಡಾಲರ್ ದಾಟಿತ್ತು. ದೇಶದೊಳಗೆ ಗುಟ್ಟಾಗಿ ಮಾಹಿತಿ ಕಲೆಹಾಕುವ ಬಾಬತ್ತಿನ ಮೇಲೆ ಜಗಳವೇ ಹತ್ತಿತು. ಕ್ಯೂಬಾದ್ದು ಇನ್ನೂ ವಿಚಿತ್ರ. ಅಲ್ಲಿನ ಪ್ರಜಾಪ್ರಭುತ್ವಕ್ಕೆಂದು ಕೊಟ್ಟ ಹಣವನ್ನು 2006ರಲ್ಲಿ ಅಮೆರಿಕ ಸಂಸತ್ತಿನ ಲೆಕ್ಕ ತಪಾಸಣಾ ಕಚೇರಿ ನೋಡಿದರೆ, ಬಿಲ್ಲುಗಳಲ್ಲಿ ಕ್ಯಾಶ್ಮೀರ್ ಸ್ವೆಟರು, ಏಡಿ ಮಾಂಸ, ಗೋಡೈವಾ ಚಾಕೊಲೇಟು, ವಿಡಿಯೊ ಗೇಮು. ದ್ವೀಪದಲ್ಲಿರುವ ಜನಕ್ಕೆ ಕಳಿಸಿದ್ದು ಎಂಬುದು ಸಮಜಾಯಿಷಿ. ಇದ್ದರೂ ಇರಬಹುದು, ಸಾಬೀತು ಮಾಡುವವರು ಯಾರು? 2019ರಲ್ಲಿ ವೆನೆಜುವೆಲಾದ ಸೈನ್ಯ ಬಿಟ್ಟು ಕೊಲಂಬಿಯಾದ ಕುಕುಟಾಕ್ಕೆ ಓಡಿಬಂದ ಸೈನಿಕರ ಊಟ ವಸತಿಯ ಹಣ ದುರ್ಬಳಕೆ ಆಯಿತೆಂಬ ಆರೋಪ ಬಂದಾಗ ವಿರೋಧ ಪಕ್ಷದ ನಾಯಕ ಗ್ವಾಯ್ಡೊ ತನ್ನದೇ ಪ್ರತಿನಿಧಿಗಳನ್ನು ತೆಗೆಯಬೇಕಾಯಿತು. ಆಳುತ್ತಿದ್ದವರಿಗೆ ಅದಕ್ಕಿಂತ ಒಳ್ಳೆಯ ಪ್ರಚಾರ ಸಾಮಗ್ರಿ ಬೇಕಿರಲಿಲ್ಲ.

ಅಂದರೆ ಹೇಳಿದರೂ ಎದುರಾಳಿಗೆ ಲಾಭ, ಹೇಳದೆ ಸಿಕ್ಕಿಬಿದ್ದರೆ ಇನ್ನೂ ಲಾಭ. ಎರಡನೆಯ ಸಂಜೆ ಎಂಟೂವರೆಗೆ ಮೂರನೆಯ ದಾರಿಗೆ ಕೈ ಎತ್ತಿದೆವು. ಮೇಷ್ಟ್ರು ಎತ್ತಲಿಲ್ಲ.

ನನ್ನ ತಪ್ಪು

ಪತ್ರ ನಾನೇ ಬರೆದೆ. ಆದದ್ದು ಆದ ಹಾಗೆ, ಎರಡು ಪುಟ. ಇನ್ನು ಮೇಲೆ ಎಲ್ಲ ತೆರೆದಿರಲಿ ಎಂಬ ಹುರುಪಿನಲ್ಲಿ ಅದರ ಪ್ರತಿಯನ್ನು ಹದಿನಾಲ್ಕೂ ವಿದ್ಯಾರ್ಥಿಗಳಿಗೆ ಕಳಿಸಿದೆ. ಜತೆಗೆ ಪಾವತಿ ಪಟ್ಟಿಯನ್ನೂ ಲಗತ್ತಿಸಿದೆ. ಹೆಸರಿಲ್ಲ, ಸಂಖ್ಯೆ ಮಾತ್ರ. ಆದರೆ ಸಂಖ್ಯೆಯ ಪಕ್ಕದಲ್ಲಿ ಕಾಲೇಜು, ಕೋರ್ಸು, ಸೇರಿದ ವರ್ಷ ಹಾಗೇ ಉಳಿದಿದ್ದವು.

ಮೂರು ವಾರದಲ್ಲಿ ಆ ಪತ್ರದ ಫೋಟೊ ಅವರ ದೇಶದ ಸರ್ಕಾರದ ಪರ ಪ್ರಚಾರ ಪುಟವೊಂದರಲ್ಲಿ ಕಾಣಿಸಿತು. ದೇಶ ಬಿಟ್ಟು ಓಡಿದವರು ವಿದೇಶಿ ದುಡ್ಡು ಹೇಗೆ ತಿನ್ನುತ್ತಿದ್ದಾರೆ ನೋಡಿ ಎಂಬ ಅರ್ಥದ ತಲೆಬರಹ. ಯಾರು ಕಳಿಸಿದರೋ ಹುಡುಕಲು ಹೋಗಲಿಲ್ಲ, ಹುಡುಕಿದ್ದರೆ ಉಳಿದ ನಂಬಿಕೆಯೂ ಹೋಗುತ್ತಿತ್ತು. ಪಟ್ಟಿಯಲ್ಲಿ ಆ ಕಾಲೇಜಿನಲ್ಲಿ ಆ ವರ್ಷ ಆ ಕೋರ್ಸಿಗೆ ಸೇರಿದ ಆ ದೇಶದವರು ತಲಾ ಒಬ್ಬೊಬ್ಬರೇ ಇದ್ದ ಎರಡು ಸಾಲುಗಳಿದ್ದವು. ಆ ಇಬ್ಬರ ಮನೆಗೆ ಊರಿನಲ್ಲಿ ಪೊಲೀಸರು ಹೋದರು. ಬಂಧಿಸಲಿಲ್ಲ; ಕೂತು, ಚಹಾ ಕುಡಿದು, ಮಗ ಏನು ಓದುತ್ತಿದ್ದಾನೆ ಎಂದು ಕೇಳಿ ಹೋದರು. ಅವರಲ್ಲೊಬ್ಬ ಅಂದಿನಿಂದ ನನ್ನ ಹತ್ತಿರ ಮಾತಾಡಿಲ್ಲ.

ಇಂಥ ಕೆಲಸ ಮಾಡುವವರು ಈ ಭಾಗವನ್ನು ಎರಡು ಸಲ ಓದಲಿ. ಹೆಸರು ಅಳಿಸಿದರೆ ಗುರುತು ಅಳಿಯುವುದಿಲ್ಲ. ಗುರುತು ಇರುವುದು ಹೆಸರಿನ ಅಕ್ಕಪಕ್ಕದ ಕಾಲಂಗಳಲ್ಲಿ. ಲೆಕ್ಕಕ್ಕೆ ಬೇಕಾದದ್ದು ಮೊತ್ತ ಮತ್ತು ತಿಂಗಳು, ಕಾಲೇಜಲ್ಲ. ಬ್ಯಾಂಕಿನಲ್ಲಿ ಅಷ್ಟು ವರ್ಷ ಗ್ರಾಹಕರ ಗುಟ್ಟು ಕಾಪಾಡಿದವಳಿಗೆ ಇದು ಹೊಳೆಯದೆ ಹೋಯಿತು.

ಐದು ತಿಂಗಳು

ಪ್ರತಿಷ್ಠಾನ ಸಭ್ಯವಾಗಿ ವಂದನೆ ಹೇಳಿ, ತನಿಖೆ ಮುಗಿಯುವ ತನಕ ಹಣ ತಡೆಹಿಡಿಯಿತು. ಐದು ತಿಂಗಳು. ಸತ್ಯ ಹೇಳಿದ್ದಕ್ಕೆ ಶಿಕ್ಷೆ ಸಿಕ್ಕಿದ್ದು ಹನ್ನೆರಡರ ಬದಲು ಒಂಬತ್ತು ಇಸ್ಕೊಂಡವರಿಗೆ. ಹಾಗಂತ ಪ್ರತಿಷ್ಠಾನವನ್ನು ಪೂರ್ತಿ ದೂರಲಾರೆ, ಅವರಿಗೂ ಮೇಲಿನವರಿಗೆ ಉತ್ತರ ಹೇಳುವುದಿತ್ತು. ಆದರೆ ಮುಂದಿನ ಒಪ್ಪಂದದಲ್ಲಿ ನಾವು ಹಟ ಹಿಡಿದು ಸೇರಿಸಿದ ಒಂದೇ ಷರತ್ತು ಇದು: ತನಿಖೆಯ ಕಾಲದಲ್ಲೂ ಊಟ, ಬಾಡಿಗೆ, ಫೀಸು ನಿಲ್ಲಕೂಡದು. ಅದು ಇಲ್ಲದಿದ್ದರೆ ಇನ್ನೊಂದು ಸಲ ಯಾವ ಹುಡುಗಿಯೂ ಕವರು ಹಿಡಿದುಕೊಂಡು ಯಾವ ಮನೆಗೂ ಹೋಗುವುದಿಲ್ಲ.

ಆ ಐದು ತಿಂಗಳು ಸ್ಥಳೀಯ ದೇಣಿಗೆಯಲ್ಲಿ ತಳ್ಳಿದೆವು. ಪರಿಚಯದ ಸಾಫ್ಟ್‌ವೇರ್ ಎಂಜಿನಿಯರ್ ಒಬ್ಬರು ಸುದ್ದಿ ಕೇಳಿದ ಕೂಡಲೇ ನಮ್ಮ ಸ್ಥಳೀಯ ಖಾತೆಗೆ ಐವತ್ತು ಸಾವಿರ ಯುಪಿಐ ಮಾಡಿದರು. ಜಯನಗರದಲ್ಲಿ ಹುಟ್ಟಿ ಬೆಳೆದವರು, ಈಗ ವಾಸವೂ ಇಲ್ಲೇ. ಆದರೆ ಅಮೆರಿಕದ ಪಾಸ್‌ಪೋರ್ಟ್, ಜತೆಗೆ ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಓಸಿಐ ಕಾರ್ಡು. ಕಾಯ್ದೆಯ ಕಣ್ಣಿಗೆ ಅದು ವಿದೇಶಿ ದೇಣಿಗೆ, ರೂಪಾಯಿಯಲ್ಲಿ ಕೊಟ್ಟರೂ ಅಷ್ಟೇ, ಸ್ಥಳೀಯ ಖಾತೆಗೆ ಬರುವಂತಿಲ್ಲ. ವಾಪಸು ಮಾಡಿದೆವು. ಅದೇ ದುಬೈನಲ್ಲಿರುವ ನನ್ನ ತಂಗಿಯ ಮಗ ಭಾರತದ ಪಾಸ್‌ಪೋರ್ಟಿನವನು, ತನ್ನ ಸಂಬಳದ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದ್ದು ವಿದೇಶಿ ದೇಣಿಗೆ ಅಲ್ಲ. ಇದನ್ನು ಆ ಎಂಜಿನಿಯರಿಗೆ ವಿವರಿಸುವಷ್ಟರಲ್ಲಿ ನನಗೆ ಸುಸ್ತಾಯಿತು. "ಹಂಗಾದ್ರೆ ನಾನು ಜಯನಗರದ ಫಾರಿನರಾ ಮೇಡಂ?" ಅಂದರು.

ಮಾಲೀಕರಾದ ಅಜ್ಜಿ ಎರಡು ತಿಂಗಳು ಬಾಡಿಗೆ ಕೇಳಲಿಲ್ಲ. ಮೂರನೇ ತಿಂಗಳು ಕೇಳಿದರು, ಬಾಡಿಗೆಯ ಮೇಲೇ ಅವರ ಔಷಧಿ ನಡೆಯುತ್ತಿತ್ತು. ಇಬ್ಬರು ವಿದ್ಯಾರ್ಥಿಗಳು ಓದು ಬಿಟ್ಟು ಬೇರೆ ಊರಿಗೆ ಹೋದರು. ಎಲ್ಲಿಗೆ ಎಂದು ಗೊತ್ತಿದ್ದರೂ ಬರೆಯುವುದಿಲ್ಲ.

ಬದಲಾದದ್ದು, ಬದಲಾಗದ್ದು

ಅತಿ ಹೆಚ್ಚು ಪ್ರಯೋಜನ ಆದದ್ದು ಅತಿ ಸಾದಾ ಬದಲಾವಣೆಯಿಂದ. ಫೀಸು ನೇರ ಕಾಲೇಜಿಗೆ, ಬಾಡಿಗೆ ನೇರ ಅಜ್ಜಿಯ ಖಾತೆಗೆ, ದಿನಸಿ ಬಿಲ್ಲು ನೇರ ಅಂಗಡಿಗೆ. ಕೈಗೆ ಕೊಡುವ ನಗದು ಎರಡೂವರೆ ಸಾವಿರಕ್ಕೆ ಇಳಿಯಿತು. ಕತ್ತರಿಸಲು ಏನೂ ಉಳಿಯದ ಮೇಲೆ ಕತ್ತರಿಗೆ ಕೆಲಸವಿಲ್ಲ. ಇದನ್ನು 2021ರಲ್ಲೇ ಮಾಡಬಹುದಿತ್ತು. ಯಾಕೆ ಮಾಡಲಿಲ್ಲ ಎಂದರೆ ಒಂಬತ್ತು ಕವರು ತುಂಬುವುದು ಸುಲಭ, ಇಪ್ಪತ್ತೇಳು ಬಿಲ್ಲು ಕಟ್ಟುವುದು ಕಷ್ಟ.

ಹೆಸರು ಮತ್ತು ಸಂಖ್ಯೆಯ ಕೀಲಿಪಟ್ಟಿ ಈಗ ಆಡಿಟರ ಲಾಕರಿನಲ್ಲಿದೆ, ನನ್ನ ಹತ್ತಿರವೂ ಇಲ್ಲ. ಪ್ರತಿಷ್ಠಾನಕ್ಕೆ ಸಂಖ್ಯೆ ಮತ್ತು ಮೊತ್ತ ಮಾತ್ರ. ವರ್ಷಕ್ಕೆ ಎರಡು ಸಲ, ಟ್ರಸ್ಟಿಗೂ ಸಮಿತಿಗೂ ಸಂಬಂಧವಿಲ್ಲದ ಒಬ್ಬ ಆಡಿಟರು ಬಂದು, ಬಾಗಿಲು ಹಾಕಿಕೊಂಡು ಒಬ್ಬೊಬ್ಬರನ್ನೇ ಕೂರಿಸಿ, ಎಷ್ಟು ಬಂತು ಎಂದು ಕೇಳಿ ಹೋಗುತ್ತಾರೆ. ಅವರ ಫೀಸೂ ಆ ಶೇ 20ರೊಳಗೇ ಬರಬೇಕು, ಹಾಗಾಗಿ ಕಚೇರಿ ಹುಡುಗನನ್ನು ಅರ್ಧ ದಿನಕ್ಕೆ ಇಳಿಸಿದೆವು.

ಪ್ರತಿ ತಿಂಗಳ ಮೊದಲ ಭಾನುವಾರ ಅಡುಗೆಮನೆಯಲ್ಲಿ ಲೆಕ್ಕ ಓದುತ್ತಾರೆ. ಸಿಲಿಂಡರ್ ಪುಸ್ತಕ ನೇತುಹಾಕಿದ ಮೊಳೆಗೇ ಇನ್ನೊಂದು ನೋಟ್‌ಬುಕ್ ನೇತಾಡುತ್ತದೆ. ಓದುವ ಸರದಿ ತಿಂಗಳಿಗೊಬ್ಬರದು. ಬಂದದ್ದು ಇಷ್ಟು, ಹೋದದ್ದು ಇಷ್ಟು, ಟ್ರಸ್ಟಿನ ಆಡಳಿತ ವೆಚ್ಚಕ್ಕೆ ಇಷ್ಟು. ಮೊದಲ ಸಲ ಆ ಕೊನೆಯ ಸಾಲು ಓದಿದಾಗ ಒಬ್ಬ ಹುಡುಗ ನನ್ನತ್ತ ತಿರುಗಿ, ಆಡಿಟರಿಗೆ ಇಷ್ಟು ಕೊಡುತ್ತೀರಾ ಎಂದ. ನನಗೆ ಮುಜುಗರವಾಯಿತು. ಇನ್ನೊಬ್ಬರ ಲೆಕ್ಕ ಕೇಳುವಾಗ ಆಗದ ಮುಜುಗರ ನಮ್ಮದು ಕೇಳಿದಾಗ ಆಗುತ್ತದೆ.

ಚಳವಳಿಯ ಚಂದಾ ನಿಲ್ಲಲಿಲ್ಲ, ನಿಲ್ಲಿಸುವುದು ನಮ್ಮ ಕೆಲಸವೂ ಅಲ್ಲ. ಇದರಲ್ಲಿ ದಾರಿ ತೋರಿಸಿದ್ದು ಬೈಲಕುಪ್ಪೆ. ಹುಡುಗರು ಅಲ್ಲಿಗೆ ಹೋದಾಗ ಒಬ್ಬ ಟಿಬೆಟನ್ ಅಜ್ಜ ತಮ್ಮ ಹಸಿರು ಪುಸ್ತಕ ತೆಗೆದು ತೋರಿಸಿದರು. ದೇಶ ಕಳೆದುಕೊಂಡ ಟಿಬೆಟನ್ನರು 1972ರಿಂದ ತಮ್ಮ ಆಡಳಿತಕ್ಕೆ ತಾವೇ ವಂತಿಗೆ ಕೊಡುತ್ತಾರೆ, ಅದನ್ನು ಛಾತ್ರೆಲ್ ಅನ್ನುತ್ತಾರೆ. ಕೊಟ್ಟದ್ದಕ್ಕೆ ಆ ಪುಸ್ತಕದಲ್ಲಿ ಗುರುತು ಬೀಳುತ್ತದೆ. ಧರ್ಮಶಾಲೆಯಲ್ಲಿ ಅವರದೇ ಸಂಸತ್ತು ಬಜೆಟ್ ಚರ್ಚಿಸುತ್ತದೆ, 1991ರ ಅವರ ಸನ್ನದಿನ ಪ್ರಕಾರ ಸ್ವತಂತ್ರ ಮಹಾ ಲೆಕ್ಕಪರಿಶೋಧಕರ ಕಚೇರಿಯೂ ಇದೆ. ಅಲ್ಲೂ ಜಗಳ, ತಕರಾರು ಇಲ್ಲವೆಂದಲ್ಲ. ಆದರೆ ಜಗಳ ಆಡಲು ಒಂದು ಜಾಗ ಇದೆ. ನಮ್ಮ ಹುಡುಗರ ಸಮಿತಿ ಈಗ ಸ್ವಂತ ರಸೀದಿ ಪುಸ್ತಕ ಇಟ್ಟಿದೆ. ತಮ್ಮ ಜೇಬಿನಿಂದ ಕೊಡುವವರು ಕೊಡುತ್ತಾರೆ, ಒಟ್ಟು ಮೊತ್ತವನ್ನು ಓದುತ್ತಾರೆ, ಯಾರು ಕೊಟ್ಟರು ಎಂದು ಓದುವುದಿಲ್ಲ. ಆಶ್ರಯದ ಅರ್ಜಿಗೆ ಪತ್ರ ಬರೆಯುವ ಕೆಲಸ ಮೂವರಿಗೆ ಹಂಚಿಹೋಗಿದೆ.

ಇದೆಲ್ಲ ಪರೀಕ್ಷೆಗೆ ಬಿದ್ದದ್ದು 2025ರಲ್ಲಿ. ಜನವರಿ 20ರಂದು ಅಮೆರಿಕ ತನ್ನ ವಿದೇಶಿ ನೆರವನ್ನು ತೊಂಬತ್ತು ದಿನ ತಡೆಹಿಡಿಯಿತು, ಜುಲೈ ಹೊತ್ತಿಗೆ ಆ ನೆರವು ಹಂಚುತ್ತಿದ್ದ ಯುಎಸ್‌ಏಡ್ ಸಂಸ್ಥೆಯ ಬಾಗಿಲೇ ಮುಚ್ಚಿತು. ನಮ್ಮ ಪ್ರತಿಷ್ಠಾನ ಯುರೋಪಿನದಾದರೂ ಅದರ ಬುಟ್ಟಿಯಲ್ಲಿ ಸ್ವಲ್ಪ ಅಮೆರಿಕದ ಹಣವೂ ಇತ್ತಂತೆ. ನಮ್ಮ ಕಂತು ಮೂರನೇ ಒಂದು ಭಾಗ ಕಡಿಮೆಯಾಗಿ ಬಂತು. ಆ ಭಾನುವಾರ ನಾನು ಸಮಾಧಾನದ ಮಾತು ಜೋಡಿಸಿಕೊಂಡು ಹೋಗಿದ್ದೆ. ಹೇಳುವ ಮುಂಚೆಯೇ ಅವರು ನೋಟ್‌ಬುಕ್ ಇಳಿಸಿಕೊಂಡು ಕೂತಿದ್ದರು. ಕೊನೆಯ ವರ್ಷದ ಇಬ್ಬರ ಫೀಸಿಗೆ ಕೈ ಹಚ್ಚುವುದಿಲ್ಲ, ಕೈ ಖರ್ಚು ಸಾವಿರಕ್ಕೆ ಇಳಿಸೋಣ, ವೈಫೈ ತೆಗೆಸೋಣ. ವೈಫೈ ಮಾತಿಗೆ ಮಾತ್ರ ಅರ್ಧ ಗಂಟೆ ಜಗಳವಾಯಿತು. ನಾನು ಮೂಲೆಯಲ್ಲಿ ಚಹಾ ಕುಡಿಯುತ್ತ ಕೂತಿದ್ದೆ, ನನ್ನನ್ನು ಯಾರೂ ಏನೂ ಕೇಳಲಿಲ್ಲ.

ಸಂಚಾಲಕ 2023ರ ಕೊನೆಗೆ ಮೂರನೇ ದೇಶವೊಂದಕ್ಕೆ ಹೋದ. ಹೋಗುವ ಮುಂಚೆ ಎರಡು ಸಲವಾಗಿ ನಲವತ್ತು ಸಾವಿರ ತಂದುಕೊಟ್ಟ. ಗೋದಾಮೊಂದರಲ್ಲಿ ರಾತ್ರಿ ಪಾಳಿ ಮಾಡಿ ದುಡಿದದ್ದು ಎಂದು ಆಮೇಲೆ ಗೊತ್ತಾಯಿತು. ಪ್ರತಿಷ್ಠಾನ ಪೂರ್ತಿ ಮೊತ್ತವನ್ನು ಮುಂದಿನ ಕಂತಿನಲ್ಲಿ ಮುರಿದುಕೊಂಡಿದ್ದರಿಂದ ಆ ಖೋತಾ ಟ್ರಸ್ಟಿನದೇ. ಉಳಿದ 2,84,000 ರೂಪಾಯಿ ನಮ್ಮ ಸ್ಥಳೀಯ ಲೆಕ್ಕದಲ್ಲಿ "ಬರಬೇಕಾದ ಬಾಕಿ" ಎಂಬ ಸಾಲಿನಲ್ಲಿ ಕೂತಿದೆ. ಅದು ನಿಜಕ್ಕೂ ಜೈಲಿನಲ್ಲಿರುವವರ ಮನೆಗಳಿಗೆ ಹೋಯಿತೇ ಎಂಬುದಕ್ಕೆ ಇವತ್ತಿನವರೆಗೂ ಒಂದು ಚೀಟಿ ಬಂದಿಲ್ಲ, ಇಲ್ಲ ಎಂದು ಹೇಳಲು ಯಾರೂ ಬಂದಿಲ್ಲ.

ವರ್ಷ ವರ್ಷ ಮಾರ್ಚ್ ಮುಗಿದ ಮೇಲೆ ಆಡಿಟರು ಪೆನ್ಸಿಲ್ಲಿನಿಂದ ಆ ಸಾಲಿನ ಪಕ್ಕ ಒಂದು ಪ್ರಶ್ನೆ ಚಿಹ್ನೆ ಹಾಕುತ್ತಾರೆ. "ಇದು ಬರೋ ದುಡ್ಡಲ್ಲ ಮೇಡಂ, ರೈಟ್ ಆಫ್ ಮಾಡಿಬಿಡೋಣ?" ಎನ್ನುತ್ತಾರೆ. ಈ ವರ್ಷವೂ ಕೇಳಿದರು. ರಬ್ಬರಿನಿಂದ ಆ ಚಿಹ್ನೆ ಅಳಿಸಿ, ಬಾಕಿಯನ್ನು ಮುಂದಿನ ವರ್ಷಕ್ಕೆ ಒಯ್ಯಿರಿ ಎಂದೆ.